ಹುಳ ಹಣ್ಣಾದ ಓಟಿನ ದಿನ

ಹೊಂಗನೂರಿನ ಕೃಷ್ಣಪ್ಪನೂ ಅವನ ಮಗ ಬಾಲರಾಜುವೂ ಮಾತು ಬಿಟ್ಟದ್ದು ರೇಷ್ಮೆಯ ಚಾಕಿ ಹುಳ ಮನೆಗೆ ಬಂದ ದಿನವೇ. ಲೋಕಸಭೆ ಚುನಾವಣೆಗೆ ಇನ್ನು ಇಪ್ಪತ್ತು ದಿನವಿತ್ತು. ಮರಿ ಸಾಕಿ ಕೊಡುವ ಚಾಕಿ ಕೇಂದ್ರದಲ್ಲಿ ಎರಡು ಜ್ವರ ಎದ್ದ, ಎಂದರೆ ಎರಡು ಸಲ ಪೊರೆ ಕಳಚಿದ, ಮರಿಹುಳಗಳನ್ನು ಬಾಲರಾಜು ತನ್ನ ಗೂಡ್ಸ್ ಗಾಡಿಯಲ್ಲೇ ತಂದಿದ್ದ. ಟ್ರೇ ಇಳಿಸಿಕೊಳ್ಳಲು ಬಂದ ಕೃಷ್ಣಪ್ಪನ ಕಣ್ಣು ಗಾಡಿಯ ಮುಂಗಾಜಿನ ಮೇಲೆ ಬಿತ್ತು. ಅಲ್ಲಿ ಎದುರು ಪಕ್ಷದ ಸ್ಟಿಕ್ಕರು.

"ಏನ್ಲಾ ಇದು?"

"ಸ್ಟಿಕ್ಕರು."

"ಅದು ನಂಗೂ ಕಾಣ್ತದೆ. ಅಂಟಿಸ್ದೋರು ಯಾರು?"

"ನಾನೇ. ಈ ಸಲ ಬೂತಲ್ಲಿ ಆ ಕಡೆ ಏಜೆಂಟಾಗಿ ಕೂತ್ಕತಾ ಇವ್ನಿ ಕಣಪ್ಪ. ಬೇರೆಯೋರ ಬಾಯಿಂದ ನಿಂಗೆ ಗೊತ್ತಾಗೋದು ಬ್ಯಾಡ ಅಂತ ಹೇಳ್ತಾ ಇವ್ನಿ."

ಕೃಷ್ಣಪ್ಪ ಕೈಯಲ್ಲಿದ್ದ ಟ್ರೇಯನ್ನು ಮೆತ್ತಗೆ ಜಗಲಿಯ ಮೇಲಿಟ್ಟ. ಆ ಕೋಪದಲ್ಲೂ ಹುಳ ಅಲುಗಬಾರದೆಂಬ ಎಚ್ಚರ ಇತ್ತು. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಕೆಂಚಮ್ಮಾ, ನಿನ್ ಮಗನಿಗೆ ಹೇಳ್ಬುಡು. ಇನ್ಮೇಲೆ ಅವನು ಏನೇ ಹೇಳೋದಿದ್ರೂ ನಿಂಗೆ ಹೇಳ್ಲಿ."

ಕೆಂಚಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಎರಡು ದಿನದಲ್ಲಿ ಇಳಿಯುವ ಕೋಪ ಎಂದುಕೊಂಡಳು. ಮೂವತ್ತು ವರ್ಷದಿಂದ ಆ ಊರಿನ ಬೂತಿನಲ್ಲಿ ತನ್ನ ಪಕ್ಷದ ಏಜೆಂಟಾಗಿ ಕೂತವನು ಅವಳ ಗಂಡ. ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೆ ಯಾವ ಎಲೆಕ್ಷನ್ ಬಂದರೂ ಬೆಳಗಿನ ಜಾವಕ್ಕೇ ಮಿಂದು, ಬಿಳಿ ಅಂಗಿ ತೊಟ್ಟು, ಶಾಲೆಯ ಕಡೆ ನಡೆಯುತ್ತಿದ್ದ. ಸಾವಿರದ ನೂರು ಓಟಿನಲ್ಲಿ ಯಾರು ಮದುವೆಯಾಗಿ ಹೋದರು, ಯಾರು ತೀರಿಕೊಂಡರು, ಯಾರ ಹೆಸರು ಎರಡು ಕಡೆ ಇದೆ ಎಂಬುದನ್ನು ಲಿಸ್ಟು ನೋಡದೆ ಹೇಳುತ್ತಿದ್ದ. ಈ ಸಲ ಅವನ ಪಕ್ಷ ಇನ್ನೊಂದು ಪಕ್ಷದೊಂದಿಗೆ ಮೈತ್ರಿ ಮಾಡಿಕೊಂಡಿತ್ತು. ಅಭ್ಯರ್ಥಿ ಆ ಇನ್ನೊಂದು ಪಕ್ಷದ ಚಿಹ್ನೆಯ ಮೇಲೆ ನಿಂತಿದ್ದ. ಮೂವತ್ತು ವರ್ಷ ತಾನು ಜನಕ್ಕೆ ತೋರಿಸಿದ ಗುರುತು ಈ ಸಲ ಮಿಷಿನ್ನಿನಲ್ಲೇ ಇರುವುದಿಲ್ಲ ಎಂಬುದು ಅವನ ಗಂಟಲಿಗೆ ಇಳಿದಿರಲಿಲ್ಲ. ಅದರ ಮೇಲೆ ಮಗನ ಸ್ಟಿಕ್ಕರು.

ಮಗನದೂ ತಪ್ಪು ಎನ್ನಲು ಕೆಂಚಮ್ಮನಿಗೆ ಬಾಯಿ ಬರಲಿಲ್ಲ. ಎರಡು ವರ್ಷದ ಕೆಳಗೆ, ಚನ್ನಪಟ್ಟಣದ ಖಾಸಗಿ ಶಾಲೆಯೊಂದರಲ್ಲಿ ಟೀಚರಾಗಿದ್ದ ಸೊಸೆ ಶ್ವೇತಳಿಗೆ ಗರ್ಭ ನಳಿಕೆಯಲ್ಲಿ ನಿಂತು, ಒಡೆದು, ಜೀವ ಹೋಗುವಂತಾಗಿತ್ತು. ಕೃಷ್ಣಪ್ಪ ತನ್ನ ಪಕ್ಷದ ತಾಲೂಕು ಮುಖಂಡ ಸ್ವಾಮಿಗೆ ಹನ್ನೊಂದು ಸಲ ಫೋನ್ ಮಾಡಿದ್ದ. ಸ್ವಾಮಿ ಎತ್ತಲಿಲ್ಲ. ಎದುರು ಪಕ್ಷದಲ್ಲಿ ಓಡಾಡುತ್ತಿದ್ದ ಚನ್ನಪಟ್ಟಣದ ಮುಜಾಮಿಲ್ ತನ್ನ ಕಾರಿನಲ್ಲಿ ಅವಳನ್ನು ಬೆಂಗಳೂರಿಗೆ ಕರೆದೊಯ್ದು, ಆಸ್ಪತ್ರೆಯಲ್ಲಿ ರಕ್ತವನ್ನೂ ಕೊಟ್ಟಿದ್ದ. ಮಗು ಉಳಿಯಲಿಲ್ಲ, ಶ್ವೇತ ಉಳಿದಳು. ಮುಜಾಮಿಲ್ ಅದರ ಬಗ್ಗೆ ಮತ್ತೆ ಮಾತೆತ್ತಿದವನಲ್ಲ. ಈ ಸಲ "ಬೂತಿಗೆ ಒಬ್ಬ ನಂಬಿಕಸ್ತ ಬೇಕಿತ್ತು ಬಾಲಣ್ಣ" ಎಂದಾಗ ಬಾಲರಾಜು ಇಲ್ಲ ಎನ್ನಲಿಲ್ಲ.

ಎರಡು ದಿನದಲ್ಲಿ ಕೋಪ ಇಳಿಯಲಿಲ್ಲ. ಕೆಂಚಮ್ಮ ಇಬ್ಬರ ನಡುವೆ ಅಂಚೆಯವಳಾದಳು.

"ನಿನ್ ಮಗನಿಗೆ ಹೇಳು, ಕೆಳಗಿನ ತಾಕಿನ ಹಿಪ್ಪುನೇರಳೆ ಸೊಪ್ಪು ಮೊದಲು ಕಡೀಬೇಕು ಅಂತ."

"ಅಪ್ಪಂಗೆ ಹೇಳವ್ವ, ಅದಕ್ಕೆ ನೀರು ಬುಟ್ಟು ಎರಡು ದಿನ ಆಯ್ತು, ಇನ್ನೂ ಎಳಸು."

ಇಬ್ಬರೂ ಒಂದೇ ಜಗಲಿಯ ಎರಡು ತುದಿಯಲ್ಲಿ ಕೂತು ಇದನ್ನು ಆಡುತ್ತಿದ್ದರು. ನಡುವೆ ಅಕ್ಕಿ ಆರಿಸುತ್ತಿದ್ದ ಕೆಂಚಮ್ಮ ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಬೇಕಿತ್ತು.

ಯುಗಾದಿ ಬಂತು. ಮಾರನೆಯ ದಿನ ಹೊಸತೊಡಕು. ಊರಿನಲ್ಲಿ ನಾಲ್ಕೈದು ಮನೆಯವರು ಸೇರಿ ಒಂದು ಕುರಿ ಕುಯ್ದು, ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವುದು ರೂಢಿ. ಈ ಸಲ ಕುರಿಗಳೂ ಪಕ್ಷಕ್ಕೊಂದೊಂದಾಗಿದ್ದವು. ಕೃಷ್ಣಪ್ಪ ತನ್ನವರ ಗುಡ್ಡೆಯಿಂದ ಎರಡು ಕೆಜಿ ಬಾಡು ತಂದು ಒಲೆಯ ಪಕ್ಕ ಇಟ್ಟ. ಹತ್ತು ನಿಮಿಷಕ್ಕೆ ಬಾಲರಾಜು ಇನ್ನೊಂದು ಚೀಲ ತಂದ.

"ಇದನ್ನ ಬೇರೆ ಪಾತ್ರೇಲಿ ಮಾಡವ್ವ," ಎಂದ.

"ಯಾಕೆ, ಕುರಿಗೂ ಪಕ್ಷ ಐತಾ?"

"ಅಪ್ಪ ಮುಟ್ಟಕ್ಕಿಲ್ಲ, ಅದಕ್ಕೆ."

ಕೆಂಚಮ್ಮ ಉತ್ತರ ಕೊಡದೆ ಎರಡನ್ನೂ ಒಂದೇ ದೊಡ್ಡ ಪಾತ್ರೆಗೆ ಸುರಿದಳು. ಶ್ವೇತ ಮಸಾಲೆ ರುಬ್ಬುತ್ತಿದ್ದವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಮಧ್ಯಾಹ್ನ ಮುದ್ದೆ ಮುರಿಯುವ ಹೊತ್ತಿಗೆ ಕೃಷ್ಣಪ್ಪ ಕೇಳಿದ.

"ಇದು ಯಾರ ಗುಡ್ಡೇದು?"

"ಒಂದೇ ಸಾರು. ಬೆಂದದ್ದನ್ನ ಹೆಂಗೆ ಬೇರೆ ಮಾಡ್ಲಿ? ಉಣ್ಣಿ."

ಕೃಷ್ಣಪ್ಪ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದ. ಹೋಗಿ ಮಜ್ಜಿಗೆ ಕುಡಿದು ಹೊರಗೆ ಮಲಗಿದ. ಅದನ್ನು ನೋಡಿ ಬಾಲರಾಜುವೂ ಅರ್ಧಕ್ಕೇ ಕೈ ತೊಳೆದ.

"ಅವ್ವ, ನಾನೊಂದು ಮಾತು ಹೇಳ್ತೀನಿ, ಬೇಜಾರಾಗ್ಬ್ಯಾಡ," ಎಂದ ಬಾಲರಾಜು. "ಚನ್ನಪಟ್ಟಣದಲ್ಲಿ ಮನೆ ನೋಡಿವ್ನಿ, ಬಾಡಿಗೇದು. ಶ್ವೇತಂಗೆ ಸ್ಕೂಲು ಹತ್ರ ಆಯ್ತದೆ. ಜೂನ್‌ಗೆ ಹೋಗ್ಬುಡ್ತೀವಿ."

"ಎಲೆಕ್ಷನ್ನಿಗೋಸ್ಕರ ಮನೆ ಬುಡ್ತೀಯೇನ್ಲಾ?"

"ಎಲೆಕ್ಷನ್ನಿಗಲ್ಲ. ದಿನಾ ಗೋಡೆ ಜೊತೆ ಮಾತಾಡ್ದಂಗೆ ಆಯ್ತದಲ್ಲ, ಅದಕ್ಕೆ."

ಉಳಿದ ಅಷ್ಟೂ ಸಾರನ್ನು ಅತ್ತೆ ಸೊಸೆ ಎರಡು ದಿನ ಕಾಯಿಸಿ ಕಾಯಿಸಿ ಉಂಡರು.

ಹುಳ ಮೂರನೇ ಜ್ವರ ಎದ್ದು, ನಾಲ್ಕನೆಯದನ್ನೂ ಎದ್ದವು. ಬಿಸಿಲು ಹೇಳತೀರದು. ಹುಳದ ಮನೆಯ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಗಂಟೆಗೊಮ್ಮೆ ನೀರು ಎರಚಬೇಕು. ಕೊನೆಯ ಹಂತದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ರೆಂಬೆ ಹಾಸಿ ಹಿಂತಿರುಗಿ ನೋಡುವಷ್ಟರಲ್ಲಿ ಬರೀ ಕಡ್ಡಿ. ಇಂಥ ಹೊತ್ತಿನಲ್ಲಿ ಗಂಡಸರಿಬ್ಬರೂ ಮನೆಯಲ್ಲಿ ಇರುತ್ತಿರಲಿಲ್ಲ. ಅಪ್ಪ ಮೈತ್ರಿಯ ಸಭೆಗೆ, ಮಗ ಆ ಕಡೆಯ ಮೆರವಣಿಗೆಗೆ. ಶ್ವೇತಳ ಶಾಲೆಗೆ ರಜೆ ಇದ್ದುದರಿಂದ ಅವಳು ಕಡಿದು ಕೊಟ್ಟಳು, ಕೆಂಚಮ್ಮ ಹೊತ್ತಳು.

ಫೋನೂ ಸುಮ್ಮನಿರಲಿಲ್ಲ. ಕೆಂಚಮ್ಮನ ತವರು ಕನಕಪುರದ ಕಡೆಯ ಮರಳವಾಡಿ, ಶ್ವೇತಳದು ಮಾಗಡಿಯ ಕೆಂಪಾಪುರ. ಎಲ್ಲವೂ ಒಂದೇ ಲೋಕಸಭಾ ಕ್ಷೇತ್ರ. ಮರಳವಾಡಿಯ ಅಣ್ಣ, "ನಿಮ್ಮನೇಲಿ ನಾಕೂ ಓಟು ನಮ್ಕಡೆಗೇ ತಾನೇ ಕೆಂಚಿ?" ಎನ್ನುವನು. ಕೆಂಪಾಪುರದ ಬೀಗರು ಕ್ಷೇಮ ಕೇಳಿ, ಕೊನೆಗೆ ಅದೇ ಮಾತಿಗೆ ಬರುವರು. ಯಾರೂ ಹುಳ ಹೇಗಿವೆ ಎಂದು ಕೇಳಲಿಲ್ಲ.

ಸೋಮವಾರ ಹೊರೆ ಇಳಿಸುವಾಗ ಕೆಂಚಮ್ಮನ ಸೊಂಟ ಹಿಡಿಯಿತು. ಅವಳು ಹಾಗೇ ಬಾಗಿ ನಿಂತಿರುವಾಗಲೇ ಬಾಗಿಲಿನಿಂದ ಗಂಡನ ಧ್ವನಿ. "ನಿನ್ ಮಗನಿಗೆ ಹೇಳು, ಗಾಡಿ ದಾರೀಗೆ ಅಡ್ಡ ನಿಂತೈತೆ."

ಶ್ವೇತ ಕುಡುಗೋಲು ಕೆಳಗಿಟ್ಟಳು. ಮಾವ ಅತ್ತ ಹೋದ ಮೇಲೆ ಬಾಯಿ ತೆರೆದಳು.

"ಅತ್ತೆ, ಅವರಿಬ್ರೂ ಮಾತು ಬಿಟ್ಟಿರೋದು ನಿಮ್ಮಿಂದಲೇ."

"ಏನಂದೆ?"

"ನೀವು ಹೊತ್ಕೊಂಡ್ ಓಡಾಡ್ತೀರಿ, ಅದಕ್ಕೇ ಅವರಿಗೆ ಏನೂ ತೊಂದರೆಯಿಲ್ಲ. ಒಂದು ದಿನ ನಿಲ್ಲಿಸಿ ನೋಡಿ."

"ನಿಂಗೇನ್ ಗೊತ್ತು ಹೋಗಮ್ಮಿ. ನಾನ್ ನಿಲ್ಸುದ್ರೆ ಮನೆ ಒಡೀತದೆ."

"ಈಗೇನು ಒಡೀದೆ ನಿಂತಿದೆಯಾ?"

ಕೆಂಚಮ್ಮನಿಗೆ ಸಿಟ್ಟು ಬಂತು. ಸೊಸೆಯೊಡನೆ ಆ ಸಂಜೆ ಮಾತಾಡಲಿಲ್ಲ. ಆದರೆ ಮಾತು ಒಳಗೆ ಹೊಕ್ಕಿತ್ತು. ನೀರು ಎರಚುವಾಗ, ಮುದ್ದೆ ತೊಳಸುವಾಗ, ಅದೇ ಮತ್ತೆ ಮತ್ತೆ ಎದ್ದು ಬರುತ್ತಿತ್ತು.

ಗುರುವಾರ ಸಂಜೆ, ಓಟಿಗೆ ಒಂದೇ ದಿನ ಇರುವಾಗ, ಕೃಷ್ಣಪ್ಪ ಹುಳದ ಮನೆಗೆ ಬಂದು ಒಂದೆರಡು ಹುಳವನ್ನು ಬೆಳಕಿಗೆ ಹಿಡಿದು ನೋಡಿದ. ಮೈ ಗಾಜಿನಂತೆ ಹೊಳೆಯತೊಡಗಿತ್ತು.

"ಶನಿವಾರ ಅಂದ್ಕಂಡಿದ್ದೆ. ಬಿಸಿಲಿಗೆ ಬೇಗ ಬಂದ್ಬುಟ್ಟವೆ. ನಾಳೇನೇ ಹಣ್ಣಾಯ್ತವೆ ಕಣೆ," ಎಂದ. "ನಾನ್ ಬೂತಲ್ಲಿ ಇರ್ತೀನಿ. ನಿನ್ ಮಗನಿಗೆ ಹೇಳು, ಅವನು ಬೇರೆ ಯಾರನ್ನಾರ ಕೂರಿಸಿ ಮನೇಲಿರ್ಲಿ."

ಕೆಂಚಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ನಾನ್ ಹೇಳಕ್ಕಿಲ್ಲ."

"ಏನು?"

"ಅವನು ಹೊರಗೇ ಅವ್ನೆ. ನೀವೇ ಹೇಳ್ಕಳಿ. ನಂಗಿನ್ನು ಮಾತು ಹೊರಕ್ಕಾಗಕ್ಕಿಲ್ಲ."

ಕೃಷ್ಣಪ್ಪ ಅವಳನ್ನೇ ನೋಡಿದ. ಮಗ ಅಂಗಳದಲ್ಲಿ ಗಾಡಿಗೆ ನೀರು ಹಾಕುತ್ತಿದ್ದ, ಹತ್ತು ಹೆಜ್ಜೆ ದೂರ. ಕೃಷ್ಣಪ್ಪ ಆ ಕಡೆ ಎರಡು ಹೆಜ್ಜೆ ಹಾಕಿ, ಕೆಮ್ಮಿ, ಒಳಗೆ ಹೋಗಿಬಿಟ್ಟ.

ಬೆಳಗಾಗುವ ಮೊದಲೇ ಬಿಳಿ ಅಂಗಿ ತೊಟ್ಟು ಅಪ್ಪ ಹೋದ. ಐದು ನಿಮಿಷ ಬಿಟ್ಟು ಮಗ ಹೋದ. ಕೆಂಚಮ್ಮನ ನಾಲಿಗೆಯ ತುದಿಯಲ್ಲಿ ಮಾತು ಬಂದಿತ್ತು. ತಡೆದುಕೊಂಡಳು. ಆಮೇಲೆ ಬೆಳಗಿನುದ್ದಕ್ಕೂ ಅದಕ್ಕಾಗಿ ತನ್ನನ್ನೇ ಬೈದುಕೊಂಡಳು.

ಹತ್ತು ಗಂಟೆಗೆ ಹುಳಗಳು ಸೊಪ್ಪು ಬಿಟ್ಟು ತಲೆಯೆತ್ತಿದವು. ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳ ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡದಿದ್ದರೆ ಕಸದಲ್ಲೇ ನೂಲು ಬಿಟ್ಟು, ಎರಡೆರಡು ಸೇರಿ, ಮಚ್ಚೆ ಬಿದ್ದ ಗೂಡು ಕಟ್ಟುತ್ತವೆ. ಅಂಥದನ್ನು ರಾಮನಗರದ ಮಾರುಕಟ್ಟೆಯಲ್ಲಿ ಕೈಯಲ್ಲಿ ಮುಟ್ಟುವವರಿಲ್ಲ. ಹತ್ತಿರ ಹತ್ತಿರ ಅರವತ್ತೈದು ಸಾವಿರ ಹುಳ, ನಾಲ್ಕು ಕೈ. ಕೂಲಿಗೆ ಕರೆದರೆ ಎಲ್ಲರೂ ಓಟಿನ ಸಾಲಿನಲ್ಲಿದ್ದಾರೆ, ಇಲ್ಲವೇ ಶಾಮಿಯಾನದ ಕೆಳಗಿದ್ದಾರೆ.

"ಓಡು, ಇಬ್ರಲ್ಲಿ ಯಾರಾದ್ರೂ ಸರಿ, ಕರ್ಕಂಡ್ ಬಾ," ಎಂದು ಶ್ವೇತಳನ್ನು ಅಟ್ಟಿದಳು.

ಶ್ವೇತ ಏದುಸಿರು ಬಿಡುತ್ತ ಒಬ್ಬಳೇ ಬಂದಳು.

"ಇವರು ಒಳಗಿದ್ದಾರೆ, ಪೊಲೀಸ್ನೋರು ಹತ್ರಕ್ಕೆ ಬಿಡಲಿಲ್ಲ. ಮಾವ ಇಲ್ಲ ಅತ್ತೆ. ಅವರು ಕೂರೋ ಜಾಗದಲ್ಲಿ ಬೇರೆ ಯಾರೋ ಕೂತಿದಾರಂತೆ. ಪಕ್ಕದ ಹಳ್ಳಿಯೋರಂತೆ."

"ಹೊರಗೆ ಚೀಟಿ ಬರೆಯೋ ಟೇಬಲ್ ತಾವ ಇದ್ರೇನೋ?"

"ಅಲ್ಲೂ ಇಲ್ಲ. ಬೆಳಗ್ಗೆ ಆರಕ್ಕೇ ಹೊರಟ್ರಂತೆ."

ಕೆಂಚಮ್ಮ ಹುಳ ಸೊಸೆಗೆ ಬಿಟ್ಟು ತೋಟದ ಕಡೆ ಓಡಿದಳು. ಕೃಷ್ಣಪ್ಪ ಪಂಪ್‌ಸೆಟ್ ಮನೆಯ ನೆರಳಿನಲ್ಲಿ, ತೊಟ್ಟಿಯ ಅಂಚಿನ ಮೇಲೆ ಕೂತಿದ್ದ. ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಇಲ್ಲೇನ್ ಮಾಡ್ತಾ ಇದೀರಿ?"

"ಮೋಟ್ರು ನೋಡವ ಅಂತ ಬಂದೆ."

"ಕರೆಂಟಿಲ್ಲ."

ಅವನು ತಲೆ ಎತ್ತಲಿಲ್ಲ. ತೊಟ್ಟಿಯ ನೀರು ನೋಡುತ್ತಲೇ ಹೇಳಿದ.

"ಸ್ವಾಮಿ ಅಂದ, ಅಣ್ಣ ಈ ಸಲ ಚಿಹ್ನೆ ಅವರ್ದು, ಒಳಗೆ ಕೂರೋನೂ ಅವರ ಹುಡುಗನೇ ಆಗ್ಬೇಕಂತೆ, ನೀವು ಹೊರಗೆ ಚೀಟಿ ಬರ್ಕೊಡಿ ಅಂತ. ಬಾಗಿಲಲ್ಲಿ ನಿಲ್ಲಿಸ್ಕಂಡು ಅಂದ್ಬುಟ್ಟ. ಹಿಂದಿನ ದಿನ ಹೇಳಿದ್ರೆ ನಾನ್ ಬತ್ತಾನೇ ಇರ್ಲಿಲ್ಲ." ಕೃಷ್ಣಪ್ಪ ಕೈಯನ್ನು ತೊಡೆಗೆ ಒರೆಸಿಕೊಂಡ. "ಬಾಲ ಒಳಗಿಂದ ನೋಡ್ತಾ ಇದ್ದ ಕಣೆ."

ಕೆಂಚಮ್ಮನಿಗೆ ಅವನ ಪಕ್ಕ ಕೂರಬೇಕೆನಿಸಿತು. ಕೂತರೆ ಇಬ್ಬರೂ ಏಳುವುದಿಲ್ಲ ಎಂದೂ ಅನ್ನಿಸಿತು.

"ಹುಳ ಹಣ್ಣಾಗವೆ," ಎಂದಳು. "ಶ್ವೇತ ಒಬ್ಳೇ ಅವ್ಳೆ. ನೆನ್ನೆ ನಾನೇ ಅವನಿಗೆ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ಬೈಯೋದಾದ್ರೆ ಆಮೇಲೆ ಬೈಯುವ್ರಂತೆ. ಈಗ ಏಳಿ."

ಕೃಷ್ಣಪ್ಪ ಎದ್ದ. ದಾರಿಯಲ್ಲಿ ಅವನ ನಡೆ ಅವಳಿಗಿಂತ ಬಿರುಸಾಗಿತ್ತು. ಹುಳದ ಮನೆಯ ಬಾಗಿಲಲ್ಲೇ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಕೂತ. ಹಣ್ಣು ಹುಳ ಆರಿಸುವುದರಲ್ಲಿ ಆ ಮನೆಯಲ್ಲಿ ಅವನಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ಮೂವರೂ ಬಗ್ಗಿದ ತಲೆ ಎತ್ತದೆ ಆರಿಸಿದರು. ತಿಂಡಿಯಿಲ್ಲ, ಊಟವಿಲ್ಲ.

ಎರಡು ಗಂಟೆಗೆ ಬಾಲರಾಜು ಬಂದ, ಕೈಯಲ್ಲಿ ಪಕ್ಷದವರು ಕೊಟ್ಟ ಪಲಾವಿನ ಪೊಟ್ಟಣ. ಊಟಕ್ಕೆಂದು ಇನ್ನೊಬ್ಬನನ್ನು ಕೂರಿಸಿ ಬಂದಿದ್ದ.

"ಅವ್ವ, ನಂದೊಂದು ಬಿಟ್ರೆ ಲಿಸ್ಟಲ್ಲಿ ನಮ್ಮನೇದು ಮೂರೂ ಹೆಸರು ಓಟಾಗ್ದೆ ಹಂಗೇ ಅವೆ. ನೀನೂ ಶ್ವೇತಾನೂ..." ಎಂದವನು ತಂದೆಯನ್ನು ನೋಡಿ ನಿಂತ. ಚಂದ್ರಿಕೆಗಳನ್ನು ನೋಡಿದ. ಇನ್ನೂ ಅರ್ಧಕ್ಕಿಂತ ಹೆಚ್ಚು ಹುಳ ರೆಂಬೆಯ ಮೇಲೆ ಹೊರಳಾಡುತ್ತಿದ್ದವು. ಪೊಟ್ಟಣವನ್ನು ಕಿಟಕಿಯಲ್ಲಿಟ್ಟು ತಂದೆಯ ಎದುರಿಗೇ ಕೂತ.

ಕೆಂಚಮ್ಮನಿಗೆ ಏನಾದರೂ ಹೇಳಿಬಿಡಬೇಕು ಎಂಬ ಚಡಪಡಿಕೆ. ಶ್ವೇತ ಅವಳ ಕಡೆ ನೋಡಿ ತಲೆಯಾಡಿಸಿದಳು, ಬೇಡ ಎಂಬಂತೆ.

"ಅಪ್ಪ," ಎಂದ ಬಾಲರಾಜು, ಹುಳದ ಮೇಲೆ ಕಣ್ಣಿಟ್ಟೇ. "ನಿನ್ ಜಾಗದಲ್ಲಿ ಕೂತೋನು ಬೆಳಗ್ಗಿಂದ ಎಂಟು ಜನನ್ನ ತಡೆದ. ಮಾರಮ್ಮಜ್ಜಿನ ನೀನ್ ಯಾರು ಅಂದ. ಅಜ್ಜಿ ಅಳ್ತಾ ವಾಪಸ್ ಹೋಯ್ತು. ನಾನ್ ಎಷ್ಟು ಹೇಳುದ್ರೂ ಆಫೀಸರು, ಹೆಸರು ತಾಳೆ ಆಯ್ತಿಲ್ವಲ್ರೀ ಅಂತಾರೆ."

"ಯಾವ್ ತಾಳೆ?" ಕೃಷ್ಣಪ್ಪನ ಕೈ ನಿಂತಿತು. "ಮುನ್ನೂರ ಹನ್ನೆರಡು ಕಣ್ಲಾ! ಲಿಸ್ಟಲ್ಲಿ ಮುನಿಮಾರಮ್ಮ ಅಂತ ತವರಿನ ಹೆಸರು ಐತೆ, ಗಂಡನ ಹೆಸರು ಮುನಿಶಾಮಯ್ಯ ಅಂತ ಸರಿಯಾಗೇ ಐತೆ. ಫೋಟೋ ನೋಡ್ರಿ ಅನ್ನೋಕ್ ಏನಾಗಿತ್ತು ನಿಂಗೆ? ಅಲ್ಲಿ ಕೂತ್ಕಂಡು ಏನ್ ಮಾಡ್ತಿದ್ದೆ?"

ಹೇಳಿದ ಮೇಲೆ ಅವನಿಗೇ ತಿಳಿಯಿತು, ತಾನು ಯಾರೊಡನೆ ಮಾತಾಡಿದೆ ಎಂದು. ಶ್ವೇತ ಬೇಗಬೇಗ ಹುಳ ಆರಿಸತೊಡಗಿದಳು.

ಕೆಂಚಮ್ಮ ಎದ್ದಳು. "ಮಾರಮ್ಮಜ್ಜಿನ ನಾವ್ ಕರ್ಕಂಡ್ ಹೋಯ್ತೀವಿ. ಮುನ್ನೂರ ಹನ್ನೆರಡು ತಾನೆ? ಬಾ ಶ್ವೇತ."

"ಮೂರಕ್ಕೆ ನಾನೂ ವಾಪಸ್ ಕೂರ್ಬೇಕವ್ವ," ಎಂದ ಬಾಲರಾಜು.

"ಕೂರ್ಬೇಕಾದ್ರೆ ಹೋಗು. ನಿಮ್ಮಪ್ಪ ಒಬ್ರೇ ಆರಿಸ್ತಾರೆ."

ಬಾಲರಾಜು ಗಡಿಯಾರ ನೋಡಿಕೊಂಡ. ಆಮೇಲೆ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಮುಂದಿನ ಸಾಲಿಗೆ ಸರಿದ.

ಮಾರಮ್ಮಜ್ಜಿಯನ್ನು ಒಪ್ಪಿಸಿ ಹೊರಡಿಸಲು ಅರ್ಧ ಗಂಟೆ ಹಿಡಿಯಿತು. ಬೂತಿನಲ್ಲಿ ಆ ಏಜೆಂಟು ಮತ್ತೆ ಕೈ ಎತ್ತಿದ. ಕೆಂಚಮ್ಮ ಮೇಜಿನ ಮುಂದೆ ನಿಂತು, ಕ್ರಮಸಂಖ್ಯೆ, ಗಂಡನ ಹೆಸರು, ತವರಿನ ಹೆಸರು ಎಲ್ಲ ಒಂದೇ ಉಸಿರಿಗೆ ಹೇಳಿದಳು. ಆಫೀಸರು ಲಿಸ್ಟಿನ ಫೋಟೋವನ್ನೂ ಅಜ್ಜಿಯ ಮುಖವನ್ನೂ ನೋಡಿ, "ಸರಿ ಇದೆ, ಬನ್ನಿ ಅಜ್ಜಿ" ಎಂದರು. ಅಜ್ಜಿ ಬೆರಳಿನ ಶಾಯಿಯನ್ನು ಒಣಗುವವರೆಗೆ ಊದಿತು.

ತನ್ನ ಸರದಿ ಬಂದಾಗ ಕೆಂಚಮ್ಮ ರಟ್ಟಿನ ಮರೆಗೆ ಹೋದಳು. ಇಷ್ಟು ವರ್ಷ ಗಂಡ ಹೇಳಿದ ಗುರುತು ಕಂಡೊಡನೆ ಒತ್ತಿ ಬರುತ್ತಿದ್ದಳು. ಉಳಿದದ್ದರ ಕಡೆ ಕಣ್ಣು ಹಾಯಿಸಿದ್ದೇ ಇಲ್ಲ. ಆ ಗುರುತು ಇಂದು ಇರಲಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ, ಮೇಲಿನಿಂದ ಒಂದೊಂದೇ ಹೆಸರು ಕೂಡಿಸಿ ಓದತೊಡಗಿದಳು.

"ಅಮ್ಮಾ, ಆಯ್ತಾ?"

"ತಡೀರಿ, ಓದ್ತಾ ಇವ್ನಿ."

ಸಾಲಿನಲ್ಲಿ ಯಾರೋ ನಕ್ಕರು. ಅವಳು ಕೊನೆಯ ಹೆಸರಿನವರೆಗೂ ಓದಿ, ಮತ್ತೆ ಮೇಲಕ್ಕೆ ಬಂದು, ಒಂದು ಗುಂಡಿ ಒತ್ತಿದಳು. ಮಿಷಿನ್ನು ಕೂಗಿತು.

ಮನೆಯ ಬೀದಿಗೆ ತಿರುಗುವಾಗಲೇ ಕೂಗಾಟ ಕೇಳಿಸಿತು. ಶ್ವೇತ ಗಾಬರಿಯಿಂದ ಹೆಜ್ಜೆ ಹಾಕಿದಳು. ಕೆಂಚಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು.

"ನಿಮ್ ಸ್ವಾಮಿ ಹನ್ನೊಂದು ಸಲ ಫೋನ್ ಎತ್ತಲಿಲ್ಲ, ನೀನು ಆಮೇಲೂ ಅವನ ಹಿಂದೆ ಹೋದೆ!"

"ಸ್ವಾಮಿ ಹಿಂದೆ ಯಾವನ್ಲಾ ಹೋದೋನು? ನಾನ್ ಪಕ್ಷದ ಹಿಂದೆ ಹೋದೆ!"

"ಪಕ್ಷ ಎಲ್ಲೈತೆ ಈಗ?"

ಒಳಗೆ ಕೂಗು ತಗ್ಗಿತು.

"ಆ ಹೊತ್ತು ಮುಜಾಮಿಲ್‌ಗೆ ನಾನು ಕೈ ಮುಗೀಬೇಕಾಗಿತ್ತು," ಎಂದ ಕೃಷ್ಣಪ್ಪ. "ಮುಗೀಲಿಲ್ಲ. ಆ ಕಡೆಯೋನು ಅಂದ್ಬುಟ್ಟು ಮುಗೀಲಿಲ್ಲ. ಅದು ತಪ್ಪೇಯಾ." ಮತ್ತೆ ಧ್ವನಿ ಏರಿತು. "ಅದಕ್ಕೆ ಮನೆ ಬುಟ್ಟು ಹೋಯ್ತೀಯಾ? ಹೋಗು. ಹುಳ ಹಣ್ಣಾದಾಗ ಬತ್ತೀಯೋ ಇಲ್ವೋ ಅದನ್ನ ಹೇಳು ಮೊದಲು!"

"ಬತ್ತೀನಿ ಅಂತ ಬಾಯ್ಬಿಟ್ಟು ಹೇಳ್ಬೇಕಾ ನಾನು?"

"ಹೇಳ್ಬೇಕು!"

ಹಣ್ಣು ಹುಳದ ಮುಂದೆ ಅಷ್ಟು ಜೋರಾಗಿ ಕೂಗಬಾರದೆಂದು ಊರಿಗೆಲ್ಲ ಹೇಳುವವನು ಕೃಷ್ಣಪ್ಪನೇ. ಅತ್ತೆ ಸೊಸೆ ಒಳಗೆ ಹೋದಾಗ ಇಬ್ಬರ ಬಾಯಿಯೂ ಕೈಯೂ ಒಟ್ಟಿಗೆ ಓಡುತ್ತಿದ್ದವು. ಕಾಲು ಭಾಗದಷ್ಟು ಹುಳ ಅಷ್ಟರಲ್ಲಿ ರೆಂಬೆಯಲ್ಲೇ ನೂಲು ಬಿಟ್ಟಿದ್ದವು. ಅದು ಹೋದದ್ದೇ. ಉಳಿದದ್ದು ಚಂದ್ರಿಕೆ ಸೇರಿತ್ತು.

"ಯಾರಿಗ್ ಹಾಕ್ದೆ?" ಎಂದರು ಇಬ್ಬರೂ, ಹೆಚ್ಚುಕಡಿಮೆ ಒಟ್ಟಿಗೆ.

"ಹೇಳ್ತೀನಿ. ಕೇಳುದ್ಮೇಲೆ ಯಾರೂ ಮಾತು ಬುಡಕೂಡದು, ಅದಾದ್ರೆ ಕೇಳಿ."

ಯಾರೂ ಕೇಳಲಿಲ್ಲ. ಐದೂವರೆಗೆ ಕೃಷ್ಣಪ್ಪ ಎದ್ದು ಕೈಕಾಲು ತೊಳೆದ. ಹೋಗುವುದೋ ಬೇಡವೋ ಎಂದು ಅಂಗಳದಲ್ಲಿ ಎರಡು ಸುತ್ತು ತಿರುಗಿದ. ಕೊನೆಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಸಿಕ್ಕ ಅಂಗಿ ತೊಟ್ಟು ಶಾಲೆಯ ಕಡೆ ಹೋದ. ಮರಳಿ ಬಂದಾಗ ಅವನ ಎಡಗೈ ಬೆರಳಿನ ಮೇಲೆ ಶಾಯಿ ಇತ್ತು. ಅವನನ್ನೂ ಯಾರೂ ಏನೂ ಕೇಳಲಿಲ್ಲ.

ಬೆಳಗಿನಿಂದ ಯಾರೂ ಉಂಡಿರಲಿಲ್ಲ. ಶ್ವೇತ ಬಿಸಿಬಿಸಿ ಮುದ್ದೆ, ಹುರುಳಿ ಸಾರು ಮಾಡಿ ಹುಳದ ಮನೆಯ ಮುಂದಿನ ಜಗಲಿಯ ಮೇಲೆ ಎಲ್ಲರಿಗೂ ಹಾಕಿದಳು. ಒಳಗೆ ಹುಳಗಳು ನೂಲು ಬಿಡುತ್ತಿದ್ದವು. ಜೂನಿನಲ್ಲಿ ಮಗ ಸೊಸೆ ಹೋಗುವುದು ಹೋಗುವುದೇ ಎಂದು ಕೆಂಚಮ್ಮನಿಗೆ ಗೊತ್ತಿತ್ತು. ಅದನ್ನು ಯೋಚಿಸುತ್ತಲೇ ತುತ್ತು ನುಂಗಿದಳು.

ಕೃಷ್ಣಪ್ಪ ಸಾರಿನ ರುಚಿ ನೋಡಿ ಮುಖ ಮೇಲೆತ್ತಿದ. ಕೆಂಚಮ್ಮನ ಕೈ ಅಭ್ಯಾಸದಂತೆ ಉಪ್ಪಿನ ಡಬ್ಬಿಯ ಕಡೆ ಹೋಯಿತು.

"ಬಾಲ, ಒಸಿ ಉಪ್ಪು ತತ್ತಾ ಇತ್ಲಾಗೆ," ಎಂದ ಕೃಷ್ಣಪ್ಪ.

ಕೆಂಚಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.